ಉಲ್ಲನ್ ದಾರದ ಇಪ್ಪತ್ತನಾಲ್ಕು ಕಿಲೋಮೀಟರ್

"ಇಪ್ಪತ್ತನಾಲ್ಕೇ ಕಿಲೋಮೀಟರ್! ಅದರ ಮೇಲೆ ಒಂದು ಮೀಟರ್ ಹೆಚ್ಚಾದರೂ ನನ್ನ ಹೆಸರು ಬದಲಾಯಿಸು!" ಎಂದು ಶನಿವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಿಲಿಮೀಟರ್ ಘೋಷಿಸಿದರು.

"ಬದಲಾಯಿಸೋಣ ಅಂದ್ರೆ ನಿಮ್ಮ ನಿಜವಾದ ಹೆಸರು ಯಾರಿಗೆ ನೆನಪಿದೆ?" ಎಂದರು ಹೆಂಡತಿ, ಟ್ರಂಕಿನೊಳಗೆ ಪಾತ್ರೆ ಜೋಡಿಸುತ್ತಲೇ.

ಮಾತು ಸುಳ್ಳಲ್ಲ. ಅವರು ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರ್. ಇಪ್ಪತ್ತೆರಡು ವರ್ಷಗಳಿಂದ ಊರಿನ ತಕ್ಕಡಿಗಳನ್ನೂ ಮೀಟರ್ ಕೋಲುಗಳನ್ನೂ ನಡುಗಿಸಿದವರು. ಬಟ್ಟೆ ಅಂಗಡಿಯೊಂದರಲ್ಲಿ ಎರಡು ಮಿಲಿಮೀಟರ್ ಸವೆದ ಕೋಲು ಹಿಡಿದ ದಿನ ಅಂಟಿದ 'ಮಿಲಿಮೀಟರ್' ಎಂಬ ಅಡ್ಡಹೆಸರು ಮನೆಯವರೆಗೂ ಹಿಂಬಾಲಿಸಿತ್ತು. ಅಳೆದೂ ತೂಗಿ ಮಾತಾಡುವುದು ಬೇರೆಯವರಿಗೆ ಸ್ವಭಾವವಿರಬಹುದು, ಇವರಿಗೆ ಅದು ಸಂಬಳ ಬರುವ ಕೆಲಸ! ಕಷ್ಟವೆಂದರೆ, ಕೆಲವು ಮಾತುಗಳನ್ನು ಅವರು ಅಳೆಯುತ್ತ ತೂಗುತ್ತ ಕೂರುತ್ತಿದ್ದರು, ಅಷ್ಟರಲ್ಲಿ ಆಡುವ ಹೊತ್ತು ದಾಟಿಹೋಗುತ್ತಿತ್ತು.

ಈಗಲೂ ಅಂಥದೊಂದು ಮಾತು ಗಂಟಲಲ್ಲಿತ್ತು. ಅಂಚೆ ಕಚೇರಿಯಲ್ಲಿದ್ದ ಹೆಂಡತಿಗೆ ಬಡ್ತಿ ಬಂದಿತ್ತು. ನದಿಯ ಕೆಳಹರಿವಿನ ಸಣ್ಣ ಊರಿಗೆ ಪೋಸ್ಟ್ ಮಾಸ್ಟರ್ ಆಗಿ ಸೋಮವಾರ ಬೆಳಿಗ್ಗೆ ಹೊರಡಬೇಕು. ಎರಡು ವರ್ಷ! ಸುದ್ದಿ ಬಂದ ದಿನ ಮಿಲಿಮೀಟರ್ "ಸಂತೋಷ" ಎಂದರು. ಅವತ್ತು ಮಧ್ಯಾಹ್ನ ಕಚೇರಿಯಲ್ಲಿ ಒಂದೇ ತಕ್ಕಡಿಗೆ ಮೂರು ಸಲ ಮುದ್ರೆ ಒತ್ತಿದರು.

ಆಮೇಲೆ ವಿಜ್ಞಾನ ಓದಿದವರಿಗೆ ತಕ್ಕಂತೆ ಒಂದು ಯೋಜನೆ ಹಾಕಿದರು. ಪ್ರತಿ ಭಾನುವಾರ ಸೈಕಲ್ ತುಳಿದು ಹೆಂಡತಿಯ ಹೊಸ ಊರಿಗೆ ಹೋಗಿ ಬರುವುದು! ನಕ್ಷೆಯ ಪ್ರಕಾರ ಹೋಗಲು ಮೂವತ್ತು ಕಿಲೋಮೀಟರ್. ಆದರೆ ಐವತ್ತೊಂದರ ಮೊಣಕಾಲು ಒಪ್ಪೀತೇ? ಪ್ರಯೋಗವಿಲ್ಲದೆ ಸಿದ್ಧಾಂತವಿಲ್ಲ. ಅದಕ್ಕೇ ಈ ಭಾನುವಾರದ ಸವಾರಿ: ಹಳೆಯ ಕೋಟೆಯ ಬಾಗಿಲಿಂದ ಹೊರಟು, ಗೋಡೆಯ ಗುಂಟ ಸಾಗಿ, ನದೀದಂಡೆ ಹಿಡಿದು ಕಾವಲುಗೋಪುರ ದಾಟಿ, ದೋಣಿಯಲ್ಲಿ ಆಚೆ ದಡ ಸೇರಿ, ಕಲ್ಲಿನ ಸೇತುವೆಯ ಮೇಲೆ ವಾಪಸ್, ಒಟ್ಟು ಇಪ್ಪತ್ತನಾಲ್ಕು ಕಿಲೋಮೀಟರ್. ಇದನ್ನು ಸಲೀಸಾಗಿ ಮುಗಿಸಿದರೆ ಆ ಯೋಜನೆಯ ಹಾಳೆಯನ್ನು ಹೆಂಡತಿಯ ಕೈಗಿಡುವುದು. ಅಲ್ಲಿಯವರೆಗೆ ಅದು ಅಂಗಿಯ ಜೇಬಿನಲ್ಲಿ, ಗುಟ್ಟಾಗಿ.

"ಮದುವೆಯಾದ ಹೊಸದರಲ್ಲಿ ಈ ದಂಡೆ ಮೇಲೆ ತುಳೀತಿದ್ವಲ್ಲ, ಆಮೇಲೆ ಈಗಲೇ" ಎಂದರು ಹೆಂಡತಿ ಭಾನುವಾರ ಬೆಳಿಗ್ಗೆ, ಕಚೇರಿಯ ಗೆಳತಿಯಿಂದ ಎರವಲು ತಂದ ಸೈಕಲ್ ಏರಿ.

"ಆಗ ವೇಳಾಪಟ್ಟಿ ಇರಲಿಲ್ಲ" ಎಂದರು ಮಿಲಿಮೀಟರ್ ವಿಷಾದದಿಂದ.

ಈಗ ಇತ್ತು! ಹೊರಡುವುದು ಆರೂವರೆ. ವೇಗ ಗಂಟೆಗೆ ಹನ್ನೆರಡು ಕಿಲೋಮೀಟರ್. ಕೋಟೆಗೋಡೆಯ ಮೇಲಿಂದ ನದಿ ನೋಡಲು ಹನ್ನೆರಡು ನಿಮಿಷ, ನೀರು ಕುಡಿಯಲು ಮೂರು. ಏಳೂ ಮುಕ್ಕಾಲಿಗೆ ದೋಣಿಕಟ್ಟೆ, ಎಂಟಕ್ಕೆ ದೋಣಿ. ಇಷ್ಟು ಶ್ರಮಕ್ಕೆ ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕಿ ತಲಾ ಎರಡು ಬಾಳೆಹಣ್ಣು.

ಕೋಟೆಗೋಡೆಯ ಮೇಲೆ ಹೆಂಡತಿ ಊರನ್ನೇ ನೋಡುತ್ತ ನಿಂತರು. ಅಂಚೆ ಕಚೇರಿಯ ಕೆಂಪು ಹೆಂಚು, ತಮ್ಮ ಬೀದಿ, ನೀರಿನ ಮೇಲೆ ತೆಳ್ಳಗೆ ಹರಡಿದ ಬಿಸಿಲು. "ಇದನ್ನೆಲ್ಲ ಬಿಟ್ಟು ಹೋಗ್ಬೇಕಲ್ಲ" ಎಂದರು ಮೆಲ್ಲಗೆ.

ಮಿಲಿಮೀಟರ್ ಬಾಯಿ ತೆರೆದರು. ಮಾತು ನಾಲಗೆಯ ತುದಿಗೆ ಬಂತು. ಬಂದದ್ದು ಹೀಗೆ: "ಹನ್ನೆರಡು ನಿಮಿಷ ಮುಗೀತು."

ಕಾವಲುಗೋಪುರ ಎಂಟನೆಯ ಕಿಲೋಮೀಟರಿನಲ್ಲಿ ಬರಬೇಕಿತ್ತು. ಎಂಟಾಗಿರಬಹುದು ಎನ್ನಿಸಿದಾಗ ಬರಲಿಲ್ಲ, ಒಂಬತ್ತು ಎನ್ನಿಸಿದಾಗಲೂ ಬರಲಿಲ್ಲ. ತೊಡೆಗಳು ಉರಿಯತೊಡಗಿದ ಮೇಲೆ ಕೊನೆಗೂ ಬಂತು. ಅದರ ಬುಡದಲ್ಲೊಂದು ಮೈಲಿಗಲ್ಲು. ಅದರ ಮೇಲೆ: ಕೋಟೆ ಬಾಗಿಲು, ಹನ್ನೆರಡು.

"ಈ ಕಲ್ಲಿನ ಮೇಲೆ ಕೇಸ್ ಹಾಕ್ತೀನಿ!" ಎಂದು ಗುಡುಗಿದರು ಮಿಲಿಮೀಟರ್.

"ಹಾಕಿ. ಅದಕ್ಕೆ ಕೋರ್ಟಿಗೆ ಬರೋಕೆ ಕಾಲಿಲ್ಲ. ಗಂಟೆ ಎಷ್ಟು?"

"ಏಳೂ ಮುಕ್ಕಾಲು. ಪಟ್ಟಿ ಪ್ರಕಾರ ನಾವೀಗ ದೋಣಿಕಟ್ಟೆಯಲ್ಲಿದೀವಿ."

"ಹಾಗಾದ್ರೆ ದೋಣಿ ಹತ್ತೋಣ ಬನ್ನಿ" ಎಂದು ಹೆಂಡತಿ ರಸ್ತೆಯ ಧೂಳಿನಲ್ಲಿ ಕಾಲು ಎತ್ತಿಟ್ಟು ತೋರಿಸಿದರು.

ಆದರೆ ಇಲಾಖೆಯ ಮಾನ! ಚೀಲದಿಂದ ಸರ್ಕಾರಿ ಮುದ್ರೆಯ ಮೂವತ್ತು ಮೀಟರ್ ಸ್ಟೀಲ್ ಟೇಪು ಹೊರಬಂತು. ಮೈಲಿಗಲ್ಲಿನಿಂದ ಮುಂದಿನ ಸಣ್ಣ ಕಲ್ಲಿಗೆ ಇನ್ನೂರು ಮೀಟರ್ ಇರಬೇಕು. ನಡುರಸ್ತೆಯಲ್ಲಿ ಭಾವೀ ಪೋಸ್ಟ್ ಮಾಸ್ಟರ್ ಒಂದು ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತರು. ಹಾದುಹೋದ ಹಾಲಿನ ಗಾಡಿಯವನು ಇಣುಕಿ, "ರಸ್ತೆ ಅಗಲ ಮಾಡ್ತಾರಾ ಅಮ್ಮಾ?" ಎಂದ.

"ಇಲ್ಲಪ್ಪ, ಉದ್ದ ಆಗಿಬಿಟ್ಟಿದೆ, ಅದನ್ನ ಹಿಡೀತಿದಾರೆ!"

ಇಪ್ಪತ್ತೈದು ನಿಮಿಷಗಳ ವಿಚಾರಣೆಯ ನಂತರ ತೀರ್ಪು ಬಂತು. ಇನ್ನೂರು ಮೀಟರ್, ಕರಾರುವಾಕ್ಕು. ಕಲ್ಲು ನಿರಪರಾಧಿ!

ಎಂಟು ಅಂದುಕೊಂಡದ್ದು ಹನ್ನೆರಡು. ಅಂದರೆ ಒಂದಕ್ಕೆ ಒಂದೂವರೆ. ಇವತ್ತಿನ ಇಪ್ಪತ್ತನಾಲ್ಕು ಮೂವತ್ತಾರಾಯಿತು. ಅದು ಹೋಗಲಿ. ಜೇಬಿನಲ್ಲಿದ್ದ ಮೂವತ್ತು? ನಲವತ್ತೈದು! ಹೋಗಿ ಬರಲು ತೊಂಬತ್ತು! ಮಿಲಿಮೀಟರ್ ಟೇಪನ್ನು ನಿಧಾನವಾಗಿ ಸುತ್ತಿದರು. ಎರಡು ವರ್ಷದ ಅಷ್ಟೂ ಭಾನುವಾರಗಳು ಅದರೊಂದಿಗೇ ಸುತ್ತಿಕೊಂಡು ಡಬ್ಬಿಯೊಳಗೆ ಹೋದಂತಾಯಿತು.

"ಯಾಕ್ರೀ, ಮುಖ ಹೀಗಾಯ್ತು?"

"ಏನಿಲ್ಲ. ಬಿಸಿಲು."

ಹದಿನೆಂಟನೆಯ ಕಿಲೋಮೀಟರಿನಲ್ಲಿ ದೋಣಿಕಟ್ಟೆ ಮುಟ್ಟಿದಾಗ ಎಂಟು ನಲವತ್ತು. ದೋಣಿ ಆಚೆ ದಡದಲ್ಲಿ ಹೆಸರುಕಾಳಿನಷ್ಟು ಕಾಣುತ್ತಿತ್ತು. ಕಟ್ಟೆಯಲ್ಲಿ ಟಿಕೆಟ್ ಹರಿಯುವ ಮುದುಕ, "ಮುಂದಿನದು ಹನ್ನೆರಡಕ್ಕೆ ಸಾರ್. ಆರಾಮಾಗಿ ಕೂತ್ಕೊಳ್ಳಿ" ಎಂದ. ಮಿಲಿಮೀಟರ್ ಮೆಟ್ಟಿಲ ಮೇಲೆ ಕುಸಿದರು. ಬಾಳೆಹಣ್ಣು ಕೋಟೆಗೋಡೆಯ ಬಳಿಯೇ ಖಾಲಿಯಾಗಿತ್ತು.

"ಅಲ್ಲ, ನೀವು ಅಳತೆ ತಪ್ಪೋದು ಅಂದ್ರೇನು?" ಹೆಂಡತಿ ಪಕ್ಕದಲ್ಲಿ ಕೂತರು. "ಯಾವುದರಲ್ಲಿ ಅಳೆದ್ರಿ?"

"ನಕ್ಷೆ ಮೇಲೆ ದಾರ ಇಟ್ಟು. ಪ್ರತಿ ತಿರುವಿಗೂ ಗುಂಡುಸೂಜಿ ಚುಚ್ಚಿ, ಬಿಗಿಯಾಗಿ ಎಳೆದು. ಆಮೇಲೆ ದಾರ ಕತ್ತರಿಸಿ ಸ್ಕೇಲಿನ ಮೇಲೆ ಇಟ್ಟೆ. ವೈಜ್ಞಾನಿಕವಾಗೇ ಇತ್ತು."

"ಯಾವ ದಾರ?"

"ನಿನ್ನ ಬುಟ್ಟಿಯಲ್ಲಿತ್ತಲ್ಲ, ಕೆಂಪು ಉಲ್ಲನ್."

ಹೆಂಡತಿ ಹಣೆ ಚಚ್ಚಿಕೊಂಡರು. ಆಮೇಲೆ ಮೆಟ್ಟಿಲು ಅದುರುವಂತೆ ನಕ್ಕರು. "ಅಯ್ಯೋ, ಅದು ನಿಮ್ಮ ಹಳೇ ಸ್ವೆಟರ್ ಬಿಚ್ಚಿದ್ದು ಕಣ್ರೀ! ಸ್ಪ್ರಿಂಗ್ ಥರ ಸುರುಳಿ ಸುತ್ತಿರತ್ತೆ. ಎಳೆದ್ರೆ ಮೊಳ, ಬಿಟ್ರೆ ಗೇಣು!"

ಊರಿನ ಮೀಟರ್ ಕೋಲುಗಳ ಸಿಂಹಸ್ವಪ್ನ ತಲೆ ತಗ್ಗಿಸಿದರು. ನಗು ಇಳಿಯುವವರೆಗೆ ಕಾದು, "ಅದೇ ದಾರದಲ್ಲಿ ಇನ್ನೊಂದು ದಾರಿನೂ ಅಳೆದಿದ್ದೆ" ಎಂದು ಜೇಬಿನ ಹಾಳೆ ತೆಗೆದುಕೊಟ್ಟರು.

ಹೆಂಡತಿ ಓದಿದರು. 'ಪ್ರತಿ ಭಾನುವಾರ. ಹೊರಡುವುದು ಐದು. ಅವಳ ಮನೆ ಏಳೂವರೆ. ವಾಪಸ್ ಹೊರಡುವುದು, ಕತ್ತಲಾಗುವ ಮುಂಚೆ, ಮನಸ್ಸಾದಾಗ.' ಕೊನೆಯ ಸಾಲಿಗೆ ಗಂಟೆ ನಮೂದಿಸಿರಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಗಂಟೆ ಬರೆಯದೆ ಬಿಟ್ಟ ಮೊದಲ ಸಾಲು ಅದು. ಅವರು ಅದನ್ನೇ ಮತ್ತೆ ಮತ್ತೆ ಓದಿದರು.

"ಇದು ಮೂವತ್ತಲ್ಲ, ನಲವತ್ತೈದು" ಎಂದರು ಮಿಲಿಮೀಟರ್, ನೀರನ್ನೇ ನೋಡುತ್ತ. "ನನ್ನ ಕೈಲಾಗಲ್ಲ."

"ರೀ, ಆ ಊರಿಗೆ ದಿನಕ್ಕೆ ಹನ್ನೊಂದು ಬಸ್ಸಿದೆ."

"ಬಸ್ಸಾ?"

"ಹೂಂ, ಬಸ್ಸು. ನಾಲ್ಕು ಚಕ್ರ, ಮೇಲೊಂದು ಛಾವಣಿ ಇರತ್ತೆ. ಒಂದೂಕಾಲು ಗಂಟೆ ದಾರಿ. ಶನಿವಾರ ಕೆಲಸ ಮುಗಿಸಿ ಹತ್ತಿದ್ರೆ ಊಟದ ಹೊತ್ತಿಗೆ ಮನೇಲಿರ್ತೀನಿ."

"ಮೊದಲೇ ಹೇಳಬಾರದಾಗಿತ್ತಾ!"

"ನೀವು ಕೇಳಬಾರದಾಗಿತ್ತಾ?" ಹೆಂಡತಿಯ ದನಿ ಒಂಚೂರು ನಡುಗಿತು. "ಮೂರು ವಾರ ಕಾದೆ. ಟ್ರಂಕಿನ ಉದ್ದಗಲ ಅಳೆದ್ರಿ. ಸೂಟ್‌ಕೇಸನ್ನ ಎರಡು ಸಲ ತೂಗಿದ್ರಿ. ಶನಿವಾರ ಮನೆಗೆ ಬಾ ಅಂತ ಬಾಯಿ ಬಿಟ್ಟು ಅನ್ನಲಿಲ್ಲ. ಇವರಿಗೆ ಬೇಡವೇನೋ, ನಾನಿಲ್ದೆ ಆರಾಮಾಗಿರ್ತಾರೇನೋ ಅಂದ್ಕೊಂಡೆ."

ಮಿಲಿಮೀಟರ್ ಅಳೆಯಲಿಲ್ಲ, ತೂಗಲಿಲ್ಲ.

"ಬಾ" ಎಂದರು.

ಹೆಂಡತಿ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಧೈರ್ಯ ಬಂದ ಮಿಲಿಮೀಟರ್ ಗಂಟಲು ಸರಿಮಾಡಿಕೊಂಡು, "ಇನ್ನೂ ಒಂದು ಮಾತು ಹೇಳೋದಿತ್ತು..." ಎಂದು ಶುರುಮಾಡಿದರು.

"ಅಯ್ಯೋ ಬೇಡ, ಸಾಕು ಮಾಡಿ!" ಹೆಂಡತಿ ಎರಡೂ ಕೈ ಜೋಡಿಸಿದರು. "ಒಂದಕ್ಷರ ಹೇಳೋಕೆ ಹದಿನೆಂಟು ಕಿಲೋಮೀಟರ್ ತುಳಿಸಿದ್ರಿ. ಪೂರ್ತಿ ವಾಕ್ಯ ಹೇಳೋದಾದ್ರೆ ನನ್ನ ಮೊಣಕಾಲು ತಡಿಯಲ್ಲ ರೀ!"