ಮೊಮ್ಮಗಳ ಜೋಳದ ಡಿಗ್ರಿ

ಎರಡನೇ ತರಗತಿಯಲ್ಲೇ ಶಾಲೆಯಿಂದ ಓಡಿಬಂದವಳು ನಾನು. ಈ ವಯಸ್ಸಿನಲ್ಲಿ ಕಾಲೇಜು ನನ್ನನ್ನು ಹಿಡಿದುಹಾಕಿದ ಕಥೆಯನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಮೊಮ್ಮಗಳು ದೀಪಾ ಸಿಂಧನೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳ ಕಾಲೇಜಿನಲ್ಲಿ ಹೊಸ ಪದ್ಧತಿ: ಬೇಕಾದ ವಿಷಯಗಳನ್ನು ಕೂಡಿಸಿ ತಮ್ಮ ಡಿಗ್ರಿಯನ್ನು ತಾವೇ ಕಟ್ಟಿಕೊಳ್ಳಬಹುದು, ಸಮಿತಿ ಒಪ್ಪಬೇಕಷ್ಟೆ. ದೀಪಾ ಜೋಳದ ಡಿಗ್ರಿ ಕಟ್ಟಿದಳು. ಜೋಳದ ಮಣ್ಣು, ಜೋಳದ ಸತ್ವ, ಜೋಳದ ವ್ಯಾಪಾರ, ಬೀಸುವ ಹಾಡು, ನಾಲ್ಕೂ ಒಂದರಲ್ಲೇ. ಸಮಿತಿ ಒಪ್ಪದಿದ್ದರೆ ಬೇಡವೆಂದು ಅತ್ತಿದ್ದ ಬಿ.ಕಾಂ.ಗೇ ಹೋಗಿ ಕೂರಬೇಕು.

ಭಾನುವಾರ ಮಸ್ಕಿಗೆ ಬಂದವಳು ಅರ್ಜಿಯನ್ನು ನನಗೆ ಓದಿ ಹೇಳಿದಳು. ಕೇಳುವುದೊಂದೇ ನಾನು ಕಲಿತ ವಿದ್ಯೆ. 'ನನ್ನ ಅಜ್ಜಿ ಎಪ್ಪತ್ತೆರಡರಲ್ಲೂ ಮೂರು ಹೊತ್ತು ಜೋಳದ ರೊಟ್ಟಿ ಉಂಡು ಕಲ್ಲುಗುಂಡಿನಂತಿದ್ದಾಳೆ' ಎಂಬಲ್ಲಿ ಮಾತ್ರ ನನ್ನ ಕಿವಿ ಮಂದವಾಯಿತು. (ಹಲ್ಲು ಕಟ್ಟಿಸಿದಾಗಿನಿಂದ ನಾನು ಉಣ್ಣುವುದು ಸೋನಾ ಮಸೂರಿ ಅನ್ನ, ಮೇಲೊಂದಿಷ್ಟು ಹಾಲು. ರೊಟ್ಟಿ ಭಾನುವಾರ ಮಾತ್ರ, ಅದೂ ಮೊಮ್ಮಗಳು ನೋಡಲೆಂದು.) ಸೊಸೆ ಸುರೇಖಾ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು.

ಮನೆಯ ಹಿರಿಯರೂ ಬರಬೇಕೆಂದು ಸಮಿತಿ ಹೇಳಿಕಳಿಸಿತು. ಬುಧವಾರ ಸೊಸೆಯೊಂದಿಗೆ ಬಸ್ಸು ಹತ್ತಿದೆ.

"ಅತ್ತೀ, ಅಲ್ಲಿ ಹೋಗಿ ಸುಮ್ಕ ಕುಂದರ್ರಿ. ನಿಮ್ಮ ಬಾಯಿ ಸುದ್ದಿ ನನಗ ಗೊತ್ತೈತಿ."

"ನಾ ಏನ್ ಮಾತಾಡ್ತೀನಬೇ, ಕೇಳಾಕ ಹೊಂಟೀನಿ."

ಸಮಿತಿಯ ಇಸ್ಮಾಯಿಲ್‌ಸಾಬ್ ಮೇಷ್ಟ್ರು ಅರ್ಜಿ ಓದಿ ಕನ್ನಡಕ ಇಳಿಸಿದರು. "ನಾಕೂ ಚಂದ ಅದಾವ. ಆದ್ರ ನಾಕೂ ಯಾಕ ಕೂಡಬೇಕು ಅನ್ನೂದ ಕಾಣವಲ್ದು. ಹಿಂಗ ಒಪ್ಪಾಕ ಬರಲ್ಲವ್ವಾ."

ದೀಪಾಳ ಮುಖ ಬಾಡಿತು. ಮೇಷ್ಟ್ರು ನನ್ನತ್ತ ತಿರುಗಿದರು. "ಅಮ್ಮಾರ, ಮುಂಜಾನಿ ಏನ್ ಉಂಡೀರಿ?"

ರೊಟ್ಟಿ ಎನ್ನಲು ಬಾಯಿ ತೆರೆದೆ. ಅವರ ಕಣ್ಣು ನನ್ನ ಸೆರಗಿನ ಮೇಲಿತ್ತು. ಅಲ್ಲೊಂದು ಅನ್ನದ ಅಗುಳು ಒಣಗಿ ಕೂತಿತ್ತು.

"ಅನ್ನಾರೀ," ಎಂದೆ. ದೀಪಾ ಕಣ್ಣು ಮುಚ್ಚಿಕೊಂಡಳು.

"ರೊಟ್ಟಿ ಯಾಕ ಬಿಟ್ರಿ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ಯಾಕೆಂದು ಕೇಳಿದ್ದು ಅದೇ ಮೊದಲು. ತಡೆಯಲಾಗಲಿಲ್ಲ. "ಹಲ್ಲು ಹೋದ್ವು. ಕಾಲುವಿ ಬಂದ ಹೊಲದಾಗ ಜೋಳ ಹೋಗಿ ನೆಲ್ಲು ಬಂತು. ರೇಷನ್ ಅಂಗಡ್ಯಾಗ ಅಕ್ಕಿ ಕೊಟ್ರು. ಕುಕ್ಕರ್ ಮೂರು ಸೀಟಿ ಹೊಡದ್ರ ಅನ್ನ. ರೊಟ್ಟಿ ಬಡಿಯಾಕ ಸೊಸಿ ರಟ್ಟಿ ಬೀಳತಾವ. ಗಿರಣಿ ಬಂತು, ಬೀಸೋ ಹಾಡು ಹೋತು."

ಮೇಷ್ಟ್ರು ಬರೆದುಕೊಂಡರು. "ನೋಡವ್ವಾ ದೀಪಾ, ನಾಕೂ ನಿಮ್ಮಜ್ಜಿ ತಾಟಿನ್ಯಾಗ ಕೂಡ್ಯಾವ. ಜೋಳ ತಾಟು ಬಿಟ್ಟಿದ್ಯಾಕ ಅನ್ನೂದನ್ನ ಹುಡುಕು. ಮಂಜೂರು."

ಆ ಸಂತೋಷದಲ್ಲಿ ಅವರು ತೋರಿಸಿದಲ್ಲೆಲ್ಲ ಸಹಿ ಹಾಕಿದೆ, ಕೇಳದೆ. (ನಾನು, ಕೇಳದೆ!) ಹೊರಗೆ ಬಂದು ದೀಪಾ ನಾನು ಸಹಿ ಹಾಕಿದ ಷರತ್ತಿನ ಕಾಗದ ಓದಿದಳು: "ಪ್ರಯೋಗಕ್ಕೆ ಒಪ್ಪಿದವರು, ಅಜ್ಜಿ. ಆರು ತಿಂಗಳು ಮೂರು ಹೊತ್ತೂ ಜೋಳ. ಅನ್ನ ನಿಷಿದ್ಧ. ಶನಿವಾರಕ್ಕೊಮ್ಮೆ ತೂಕ."

"ನನ್ನ ಹಲ್ಲಿನ ಗತಿಯೇನಬೇ?"

"ಅದನ್ನೂ ಬರಕೋತೀನಿ ಅಜ್ಜೀ. ನೀ ತಪ್ಪಿಸಿದ್ರ ನಾ ಫೇಲು."

ಸುರೇಖಾ ನನ್ನ ಕೈಹಿಡಿದು ಬಸ್ಸು ಹತ್ತಿಸಿದಳು. ಬಲು ಪ್ರೀತಿಯಿಂದ ಹೇಳಿದಳು: "ಅಕ್ಕಿ ಡಬ್ಬಿ ಇನ್ನ ನನ್ನ ಖೋಲ್ಯಾಗ ಇರತೈತ್ರಿ ಅತ್ತೀ. ಸಾಕ್ಷಿ ಅಂತ ನನ್ನ ಹೆಸರು ಬರದಾರ."