ಗೋಲಗುಮ್ಮಟ ಬಿದ್ದ ದಿನ

ನಿವೃತ್ತಿಯಾದ ಮೇಲೆ ಕಲೆಯ ಕಡೆಗೆ ತಿರುಗಿದ ಗಂಡಸರನ್ನು ಕಂಡರೆ ಜನರಿಗೆ ಏನೋ ಒಂದು ಗೌರವ. ‘ಪಾಪ, ಇಷ್ಟು ವರ್ಷ ನೌಕರಿಯ ನೊಗದಡಿ ಈ ಪ್ರತಿಭೆ ಮುದುಡಿಕೊಂಡಿತ್ತಲ್ಲ’ ಎಂದು ಮರುಗುತ್ತಾರೆ. ನನ್ನನ್ನು ಕಂಡೂ ಹಾಗೆ ಮರುಗಿದವರಿದ್ದಾರೆ. ನಮ್ಮ ಪಡಸಾಲೆಯ ಗೋಡೆಯ ಮೇಲೆ ನಾನೇ ಮಣ್ಣಿನಲ್ಲಿ ಮಾಡಿ ತೂಗುಹಾಕಿದ್ದ ಸೂರ್ಯ, ಮೀನು, ಗುಬ್ಬಿಗಳನ್ನು ನೋಡಿ, ನನಗೆ ಮೊದಲಿನಿಂದಲೂ ಒಳಗೊಳಗೇ ಏನೋ ತುಡಿತ ಇದ್ದಿರಬೇಕು ಎಂದವರಿದ್ದಾರೆ. ನಾನು ಸುಮ್ಮನೆ ನಕ್ಕು ಕೂತಿದ್ದೇನೆ. ಈಗ ನಿಮ್ಮ ಮುಂದೆ ನಿಜ ಹೇಳಿಬಿಡುತ್ತೇನೆ. ತುಡಿತವೂ ಇರಲಿಲ್ಲ, ಮಿಡಿತವೂ ಇರಲಿಲ್ಲ. ಗೋಡೆಯ ಮೇಲೆ ಅಂಗೈಯಗಲದ ಒಂದು ತೇವದ ಕಲೆ ಇತ್ತು. ಆ ಕಲೆಯನ್ನು ಮುಚ್ಚಲು ಈ ಕಲೆ ಹುಟ್ಟಿತು.

ನಾವಿರುವುದು ಪುಣೆಯ ಕಾತ್ರಜದಲ್ಲಿ, ಹಳೆಯದೊಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ನಾನು ವಿಜಯಪುರದವನು. ಇಲ್ಲಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದೆ. ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ಧಾರವಾಡದ ಗುರುನಾಥರಾಯರು ಮಗನ ಸಂಸಾರದೊಡನೆ ಇದ್ದಾರೆ. ಸೊಸೆ ಮರಾಠಿಯವಳು, ಮೊಮ್ಮಕ್ಕಳದು ಇಂಗ್ಲಿಷು, ಮಗನದು ಮೌನ. ಹೆಂಡತಿ ತೀರಿಕೊಂಡ ಮೇಲೆ ರಾಯರಿಗೆ ಬಾಯಿತುಂಬ ಕನ್ನಡ ಆಡಲು ಇಡೀ ಕಟ್ಟಡದಲ್ಲಿ ಉಳಿದವನು ನಾನೊಬ್ಬ. ದಿನಾ ಸಂಜೆ ಇಬ್ಬರೂ ಹೆದ್ದಾರಿಯವರೆಗೆ ನಡೆದುಹೋಗಿ, ಸ್ವಾರಗೇಟ್ ಬಸ್ ನಿಲ್ದಾಣದಿಂದ ಬರುವ ಬೆಳಗಾವಿ, ಹುಬ್ಬಳ್ಳಿ ಬಸ್ಸುಗಳ ಕನ್ನಡ ಬೋರ್ಡು ಓದಿ ವಾಪಸು ಬರುತ್ತಿದ್ದೆವು. ಹತ್ತುವ ಉದ್ದೇಶವೇನೂ ಇಲ್ಲ, ಓದಿದರೆ ಸಾಕು. ದಾರಿಯುದ್ದಕ್ಕೂ ರಾಯರು ಮಾತಾಡುತ್ತಿದ್ದರು. ಮಾವಿನ ಮಿಡಿಯಿಂದ ಶುರುವಾದ ಮಾತು ಅವರ ಸೋದರಮಾವನ ಮದುವೆಗೆ ಹೋಗಿ, ಅಲ್ಲಿ ಊಟ ಮುಗಿಸಿಕೊಂಡು ಮತ್ತೆ ಮಿಡಿಗೆ ಬರುವಷ್ಟರಲ್ಲಿ ನಮ್ಮ ಗೇಟು ಬರುತ್ತಿತ್ತು.

ಹೀಗಿರುವಾಗ, ಹೋಳಿಗೆ ಮುಂಚೆ, ನಮ್ಮ ಗೋಡೆಯ ಮೇಲೆ ಆ ತೇವ ಕಾಣಿಸಿಕೊಂಡಿತು. ಗೋಡೆಯ ಆಚೆ ಬದಿ ನಮ್ಮ ಬಚ್ಚಲು, ಅದರ ಮೇಲೆ ರಾಯರ ಬಚ್ಚಲು. ನಾನು ಅವರಿಗೆ ಹೇಳಿದೆ. ಅವರು “ನಮ್ಮಲ್ಲಿ ಒಂದು ಹನಿ ಸೋರೂದಿಲ್ರಿ” ಎಂದರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಕಟ್ಟಡದವರ ಸಭೆಯಲ್ಲಿ ನೀರಿನ ಪ್ರಸ್ತಾಪ ಬಂದಾಗ ನಾನು ಎದ್ದು ನಿಂತು, ಒಳ್ಳೆಯ ಮರಾಠಿಯಲ್ಲಿ, “ರಾಯರ ನಲ್ಲಿ ಸೋರುವುದಿಲ್ಲ, ಒಪ್ಪಿದೆ. ಆ ಮನೆಯಲ್ಲಿ ಸೋರುವುದು ಅವರ ಬಾಯಿ ಒಂದೇ. ಅದಕ್ಕೆ ಯಾವ ಪ್ಲಂಬರನೂ ಇಲ್ಲ” ಎಂದುಬಿಟ್ಟೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕಾಲೇಜಿನಲ್ಲಿ ಮೂವತ್ತು ವರ್ಷ ಒಬ್ಬ ಹುಡುಗನನ್ನೂ ನಗಿಸಲಾಗದಿದ್ದ ನನಗೆ ಆ ನಗು ಏಲಕ್ಕಿ ಹಾಕಿದ ಚಹಾದಂತೆ ಗಂಟಲಲ್ಲಿ ಇಳಿಯಿತು. ರಾಯರ ಕಡೆ ನೋಡಿದಾಗ ಅವರು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಕಾಲಲ್ಲೇ ಇತ್ತು.

ಮರುದಿನ ಸಂಜೆ ಅವರು ಬರಲಿಲ್ಲ. ಅದರ ಮರುದಿನ ನಾನೂ ಕರೆಯಲಿಲ್ಲ. ಹದಿನೈದು ದಿನದ ಮೇಲೆ ಅವರ ಬಚ್ಚಲಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಟ್ಟುವ ಸದ್ದು ಕೇಳತೊಡಗಿತು. ನನ್ನ ಮೇಲಿನ ಸೇಡಿಗೆ ಕುಟ್ಟುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮಾತು ಬಿಟ್ಟವರ ಮನೆಯಲ್ಲಿ ಪಾತ್ರೆ ಬಿದ್ದರೂ ನಮಗೆಂದೇ ಬೀಳಿಸಿದಂತೆ ಕೇಳುತ್ತದೆ.

ಅದೇ ದಿನಗಳಲ್ಲಿ ರಜೆಗೆ ಬಂದಿದ್ದ ನಾದಿನಿಯ ಮಗಳು ಒಂದು ಪೊಟ್ಟಣ ಬಿಟ್ಟುಹೋಗಿದ್ದಳು. ಬೆಳ್ಳಗೆ, ಮೆತ್ತಗೆ, ಮೈದಾ ಕಣಕದಂಥ ಮಣ್ಣು. ಇದನ್ನು ಬಟ್ಟಿಯಲ್ಲಿ ಸುಡುವುದು ಬೇಡ, ಗಾಳಿಗಿಟ್ಟರೆ ತಾನೇ ಒಣಗಿ ಗಟ್ಟಿಯಾಗುತ್ತದೆ. ನಾನು ಅದನ್ನು ಲಟ್ಟಿಸಿ, ಡಬ್ಬಿಯ ಮುಚ್ಚಳವಿಟ್ಟು ದುಂಡಗೆ ಕೊಯ್ದು, ಸುತ್ತ ಕಿರಣ ಅಂಟಿಸಿ ಸೂರ್ಯನನ್ನು ಮಾಡಿದೆ. ಬೇಗ ಒಣಗಲಿ ಎಂದು ಏಪ್ರಿಲ್ ತಿಂಗಳ ಬಿಸಿಲಿಗಿಟ್ಟೆ. ಸಂಜೆಗೆ ಸೂರ್ಯನ ಅಂಚು ನಾಲ್ಕೂ ಕಡೆ ಮೇಲಕ್ಕೆದ್ದು, ಮುಖ ಮೂರು ಕಡೆ ಬಿರಿದಿತ್ತು. ಹೆಂಡತಿ ವಿಮಲಾ ಬಂದು ನೋಡಿ, “ಹಪ್ಪಳ ಛಲೋ ಆಗೇದ. ಆದ್ರ ಇನ್ನೊಮ್ಮೆ ನನ್ನ ಲಟ್ಟಣಿಗಿ ಮುಟ್ಟಿದ್ರ ನಿಮಗ ಚಪಾತಿ ಇಲ್ಲ ನೋಡ್ರಿ” ಎಂದಳು.

ಆಮೇಲೆ ಈ ಮಣ್ಣಿನ ಸ್ವಭಾವ ತಿಳಿಯಿತು. ಅವಸರಪಟ್ಟರೆ ಹೊರಗಡೆ ಒಣಗಿ ಒಳಗೆ ಹಸಿಯೇ ಉಳಿದು ಬಿರಿಯುತ್ತದೆ. ಒದ್ದೆ ಬಟ್ಟೆ ಮುಚ್ಚಿ, ನೆರಳಲ್ಲಿಟ್ಟು, ದಿನಕ್ಕೆರಡು ಸಲ ಮಗ್ಗುಲು ಬದಲಿಸುತ್ತ ಮೂರು ನಾಲ್ಕು ದಿನ ಕಾಯಬೇಕು. ಇಷ್ಟೊಂದು ಉಪಚಾರವನ್ನು ನಾನು ಯಾವ ಮನುಷ್ಯನಿಗೂ ಮಾಡಿದವನಲ್ಲ. ಎರಡನೆಯ ಸೂರ್ಯ ಸಪಾಟಾಗಿ ಬಂದ. ಅವನಿಗೆ ಹಳದಿ ಬಳಿದು, ಹೊಳಪಿಗೆ ವಾರ್ನಿಷ್ ಹಚ್ಚಿ, ಕ್ಯಾಲೆಂಡರಿನ ಹಳೆಯ ಮೊಳೆಗೆ ತೂಗುಹಾಕಿದೆ. ಬೆನ್ನಿಗೆ ಏನೂ ಹಚ್ಚಲಿಲ್ಲ. ಗೋಡೆಯ ಕಡೆ ಇರುವ ಬೆನ್ನನ್ನು ನೋಡುವವರಾದರೂ ಯಾರು? ಕಲೆ ಪೂರ್ತಿ ಮುಚ್ಚಿತು. ಬಂದವರು ಮೆಚ್ಚಿದರು.

ಮೆಚ್ಚಿದ್ದೇ ಕುತ್ತಾಯಿತು. ಒಂಟಿ ಸೂರ್ಯ ಬಿಕೋ ಎನ್ನುತ್ತಾನೆ ಅನ್ನಿಸಿ ಪಕ್ಕಕ್ಕೆ ಎರಡು ಮೀನು ಮಾಡಿದೆ. ಅವಕ್ಕೆ ಉದ್ದನೆಯದೊಂದು ಉಕ್ಕಿನ ಮೊಳೆ ತಂದು ನಾನೇ ಹೊಡೆದೆ. ಮೊದಲು ಬಿಗಿಯಾಗಿತ್ತು, ಆಮೇಲೆ ಒಮ್ಮೆಲೇ ಬೆಣ್ಣೆಗೆ ಇಳಿದಂತೆ ಇಳಿಯಿತು. ಕೈ ಪಳಗಿತು ಎಂದು ಬೀಗಿದೆ. ವಾರದೊಳಗೆ ಮೀನಿನ ಬಾಲದ ಕೆಳಗೆ ತೇವ ಮೂಡಿತು. ‘ನೋಡಿದೆಯಾ, ಮೇಲಿನವರು ಇನ್ನೂ ಸೋರಿಸುತ್ತಿದ್ದಾರೆ’ ಎಂದು ವಿಮಲಾಗೆ ಹೇಳಿದೆ. “ಮ್ಯಾಲೆ ಹೋಗಿ ಒಂದು ಮಾತು ಕೇಳ್ರಲಾ” ಎಂದಳು ಅವಳು. ಹದಿನೆಂಟು ಮೆಟ್ಟಿಲು ಹತ್ತುವ ಬದಲು ನಾನು ಐದು ಗುಬ್ಬಿ ಮಾಡಿದೆ. ತೇವ ಗುಬ್ಬಿಗಳನ್ನು ದಾಟಿತು. ಕುಂಬಳದ ಎಲೆ ಮಾಡಿದೆ. ಅದನ್ನೂ ದಾಟಿತು. ದೀಪಾವಳಿ ಹತ್ತಿರ ಬಂದಾಗ ಕಡೆಯ ಅಸ್ತ್ರವಾಗಿ ನನ್ನ ಊರಿನ ಗೋಲಗುಮ್ಮಟವನ್ನೇ ಕಟ್ಟಿದೆ. ಊಟದ ತಾಟಿಗಿಂತ ದೊಡ್ಡ ಹಲಗೆ, ಅದರ ಮೇಲೆ ನಾಲ್ಕು ಮಿನಾರು, ನಡುವೆ ಉಬ್ಬಿದ ಗುಮ್ಮಟ. ಒಣಗಲು ಒಂಬತ್ತು ದಿನ ಹಿಡಿಯಿತು.

ಗೋಲಗುಮ್ಮಟ ಗೋಡೆಯ ಮೇಲೆ ನಿಂತದ್ದು ಮೂರು ವಾರ. ಒಂದು ದಿನ ಬೆಳಿಗ್ಗೆ ವಿಮಲಾ ಪೇಟೆಗೆ ಹೋಗಿದ್ದಳು. ನಾನು ಬಾಗಿಲು ತೆರೆದಿಟ್ಟು ಪೇಪರು ಓದುತ್ತಿದ್ದೆ. ಹಿಂದಿನಿಂದ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಗುಮ್ಮಟ ನೆಲದ ಮೇಲೆ, ಮಿನಾರುಗಳು ಸೋಫಾದ ಕೆಳಗೆ. ಗಾಬರಿಯಲ್ಲಿ ನಾನು “ಅಯ್ಯಯ್ಯೋ” ಎಂದು ಕೂಗಿದ್ದೂ ನಿಜ. ಅಷ್ಟರಲ್ಲಿ ತರಕಾರಿ ಚೀಲ ಹಿಡಿದ ಒಬ್ಬರು ಮೆಟ್ಟಿಲ ಕಡೆಯಿಂದ ಓಡಿಬಂದು ಪಡಸಾಲೆಯ ನಡುವೆ ನಿಂತರು. ಗುರುನಾಥರಾಯರು.

“ಏನಾತ್ರೀ? ಬಿದ್ರೇನು?”

“ನಾ ಬಿದ್ದಿಲ್ರಿ. ಗೋಲಗುಮ್ಮಟ ಬಿತ್ತು.”

ಎಂಟು ತಿಂಗಳ ಮೇಲೆ ನಾವಾಡಿದ ಮೊದಲ ಮಾತು ಇದು. ರಾಯರು ನಗಲಿಲ್ಲ. ಉಸಿರು ಸುಧಾರಿಸಿಕೊಂಡು, ಬಗ್ಗಿ ಗುಮ್ಮಟ ಎತ್ತಿಕೊಂಡರು. ಬೆರಳು ಒಳಗೆ ಇಳಿಯಿತು. “ಇದು ಪೂರಾ ಹಸಿ ಅದಲ್ರಿ” ಎಂದವರೇ ಅದನ್ನು ಕೆಳಗಿಟ್ಟು, ಗೋಡೆಯ ಹತ್ತಿರ ಹೋಗಿ ಎಲೆ, ಗುಬ್ಬಿ, ಮೀನು, ಸೂರ್ಯ ಒಂದೊಂದಾಗಿ ಕೆಳಗಿಳಿಸಿದರು. ಎಲ್ಲದರ ಮುಖ ಫಳಫಳ ಹೊಳೆಯುತ್ತಿತ್ತು, ಬೆನ್ನು ಅಂಬಲಿಯಾಗಿತ್ತು. ಗೋಡೆ ಬರಿದಾದಾಗ ಎಂಟು ತಿಂಗಳು ನಾನೂ ಪೂರ್ತಿ ನೋಡದಿದ್ದದ್ದು ಕಂಡಿತು: ಕ್ಯಾಲೆಂಡರಿನ ಮೊಳೆಯಿಂದ ಸೊಂಟದೆತ್ತರದವರೆಗೆ ಕಪ್ಪಿಟ್ಟು, ಬಣ್ಣ ಪದರುಪದರಾಗಿ ಎದ್ದ ಗೋಡೆ.

“ಇಷ್ಟೆಲ್ಲಾ ಆಗೇದಂತ ಒಂದು ಮಾತು ಹೇಳಬಾರದೇನ್ರಿ?” ರಾಯರ ದನಿ ಮೆತ್ತಗಿತ್ತು. “ಬಂದವರೆಲ್ಲಾ ನಿಮ್ಮ ಗ್ವಾಡಿ ಭಾಳ ಛಂದ ಆಗೇದ ಅಂತಿದ್ರು. ಒಣಗೇದ ಅಂತ ತಿಳಕೊಂಡಿದ್ದೆ. ಹೋಳಿ ಮುಗದ ಹದಿನೈದು ದಿನಕ್ಕ ನಾನು ಬಚ್ಚಲಾ ಒಡಿಸಿ ರಿಪೇರಿ ಮಾಡಿಸೀನಿ.”

ಆ ಕುಟ್ಟುವ ಸದ್ದು! “ಮತ್ತ ನನಗ ಯಾಕ ಹೇಳಲಿಲ್ರಿ?” ಎಂದೆ.

ಅವರು ಕೈಯಲ್ಲಿದ್ದ ಸೂರ್ಯನನ್ನು ಟೀಪಾಯಿಯ ಮೇಲೆ ನಿಧಾನಕ್ಕೆ ಇಟ್ಟರು. “ಹೇಳಬೇಕಂತ ಎರಡು ಸಲ ನಿಮ್ಮ ಬಾಗಲತನಕ ಬಂದಿದ್ದೆ. ಅಷ್ಟು ಮಂದ್ಯಾಗ ನಗಸಿದ್ರಿ. ನಾ ಬಾಯಿ ತಗದ್ರ ಮತ್ತೊಂದು ಅಂತೀರೇನೋ ಅಂತ ಅಂಜಿಕಿ ಬಂತು. ಈಗ ಮನ್ಯಾಗೂ ಮಾತು ಕಡಿಮಿ ಮಾಡೀನ್ರಿ.”

ನನಗೆ ಮರೆತೇ ಹೋಗಿದ್ದ ಒಂದು ಚಟಾಕಿಯ ಜೊತೆ ಒಬ್ಬ ಮನುಷ್ಯ ಎಂಟು ತಿಂಗಳು ಒಂದೇ ಮನೆಯಲ್ಲಿ ಬಾಳ್ವೆ ಮಾಡಿದ್ದ.

ಮಧ್ಯಾಹ್ನ ರಾಯರೇ ಪ್ಲಂಬರ್ ಮಲ್ಲಪ್ಪನನ್ನು ಕರೆತಂದರು. ಯಾದಗಿರಿ ಕಡೆಯವನು, ಅವರ ಬಚ್ಚಲು ರಿಪೇರಿ ಮಾಡಿದವನೂ ಅವನೇ. “ಮ್ಯಾಲಿಂದು ನಾ ಮಾಡಿದ್ದು ಗಟ್ಟಿ ಅದ ರೀ. ಇದು ಬ್ಯಾರೆ ನೀರು” ಎಂದು ಗೋಡೆ ಕೆತ್ತತೊಡಗಿದ. ಅರ್ಧ ಗಂಟೆಗೆ ನಮ್ಮದೇ ಬಚ್ಚಲಿನ ಪ್ಲಾಸ್ಟಿಕ್ ಪೈಪು ಹೊರಬಿತ್ತು. ಅದರ ನಟ್ಟನಡುವೆ ಉಕ್ಕಿನ ಮೊಳೆ ನೆಟ್ಟಿತ್ತು, ಸುತ್ತಲಿಂದ ನೀರು ಜಿನುಗುತ್ತಿತ್ತು. “ಮಾಸ್ತರ, ಈ ಮೊಳಿ ಯಾರು ಹೊಡದಾರ್ರೀ?” ಎಂದು ಕೇಳಿದ ಮಲ್ಲಪ್ಪ. ನಾನು ಕಿಟಕಿಯಾಚೆ ನೋಡಿದೆ. ಪೇಟೆಯಿಂದ ಬಂದಿದ್ದ ವಿಮಲಾ, “ಕಲಾವಿದರು” ಎಂದಳು.

ಗೋಡೆಯೊಳಗೆ ಅಡಗಿರುವ ಪೈಪನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ತೋರಿಸಬೇಕು, ಕಾಣದ್ದು ಇಲ್ಲವೆಂದು ತಿಳಿಯಬೇಡಿ ಎಂದು ಮೂವತ್ತು ವರ್ಷ ಹುಡುಗರಿಗೆ ಗದರಿದವನು ನಾನು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಳೆದವನೂ ನಾನೇ.

ಮರುದಿನ ಮೇಲಿನ ಮನೆಗೆ ಹೋದೆ. ದಾರಿಯಲ್ಲಿ ನಾಲ್ಕು ಪೀಠಿಕೆ ಕಟ್ಟಿಕೊಂಡಿದ್ದೆ; ರಾಯರು ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ. “ತಪ್ಪಾತ್ರಿ” ಎಂದೆ. “ನೀರಿಂದು ಅಲ್ಲ. ಮಾತಿಂದು.” ಅವರು “ಮಾತು ಛಲೋನ ಇತ್ರಿ. ಬ್ಯಾರೇದವರಿಗೆ ಅಂದಿದ್ರ ನಾನೂ ನಗತಿದ್ದೆ” ಎಂದರು. ಆಮೇಲೆ ಒಳಗೆ ಕರೆದು ಕೂರಿಸಿ, ಸಂಕೋಚದಿಂದ, “ಆ ಮಣ್ಣು ಎಲ್ಲಿ ಸಿಗತದ್ರಿ?” ಎಂದು ಕೇಳಿದರು.

ಈಗ ಸಂಜೆ ಮತ್ತೆ ಹೆದ್ದಾರಿಯವರೆಗೆ ಹೋಗುತ್ತೇವೆ. ಮೊದಲ ವಾರ ಅವರು ಅಳೆದು ತೂಗಿ ಮಾತಾಡಿದರು. ನಾನೇ ಅದೂ ಇದೂ ಕೇಳಿ ಕೆದಕುತ್ತಿದ್ದೆ. ಹತ್ತನೆಯ ದಿನಕ್ಕೆ ಸೋದರಮಾವನ ಮದುವೆ ಬಂತು. ಅದನ್ನು ನಾನು ಹಿಂದೆಯೂ ಹತ್ತಾರು ಸಲ ಕೇಳಿದ್ದೇನೆ. ಆ ದಿನ ಮಾತ್ರ ಗೇಟು ಬಂದರೂ ನಿಂತು ಪೂರ್ತಿ ಕೇಳಿದೆ.

ಮಧ್ಯಾಹ್ನ ಇಬ್ಬರೂ ನಮ್ಮ ಊಟದ ಮೇಜಿನ ಮೇಲೆ ಮಣ್ಣು ಹರಡಿಕೊಂಡು ಕೂರುತ್ತೇವೆ. ಬೆನ್ನಿಗೂ ವಾರ್ನಿಷ್ ಹಚ್ಚುತ್ತೇವೆ. ರಾಯರು ಮೊದಲ ಸಲಕ್ಕೇ ಒಂದು ಗಿಳಿ ಮಾಡಿದರು. ಕುತ್ತಿಗೆ ಒಂಚೂರು ಓರೆ ಮಾಡಿ, ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವಂತೆ ಇದೆ. ನನ್ನ ಗುಬ್ಬಿಗಳನ್ನು ಇದರ ಪಕ್ಕ ಇಟ್ಟರೆ ಆಲೂಗಡ್ಡೆಗಳಂತೆ ಕಾಣುತ್ತವೆ. ಗೋಡೆಗೆ ಹೊಸ ಗಿಲಾವು, ಹೊಸ ಬಣ್ಣ ಆದ ಮೇಲೆ ಅವರು ಆ ಗಿಳಿಯನ್ನು ನನಗೇ ಕೊಟ್ಟರು. ಬಿಳಿ ಗೋಡೆಯ ಮೇಲೆ ಈಗ ಅದೊಂದೇ ಇದೆ. ಮೊನ್ನೆ ಬಂದ ನೆಂಟರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, “ಮಾಸ್ತರ, ನಿಮ್ಮ ಕೈ ಭಾಳ ಸುಧಾರಿಸೇದ ಬಿಡ್ರಿ!” ಎಂದರು. ಹೌದು ಎಂದು ನಾನು ಹೇಳಲಿಲ್ಲ, ಅದು ನಿಮಗೆ ಆಣೆ ಮಾಡಿ ಹೇಳಬಲ್ಲೆ. ಅಲ್ಲ ಎಂದೂ ಹೇಳಲಿಲ್ಲ. “ಚಹಾ ತೊಗೋರಿ, ಆರತದ” ಎಂದೆ.