ಹಾಡು ಕದ್ದ ಬೀಗರು

ಬಂಗಾರ ಕಳುವಾದರೆ ಪೊಲೀಸರಿಗೆ ಹೇಳಬಹುದು. ಹಾಡು ಕಳುವಾದರೆ ಯಾರಿಗೆ ಹೇಳೋದು? ಅದೂ ಕದ್ದವರು ನಮ್ಮೆದುರಿಗೇ ನಿಂತು, ಮೈಕಿನಲ್ಲಿ ಹಾಡಿ, ನಮ್ಮಿಂದಲೇ ಚಪ್ಪಾಳೆ ತಟ್ಟಿಸಿಕೊಳ್ಳುತ್ತಿರುವಾಗ! ಇಂಥದ್ದೊಂದು ನಡೆಯದೆ ನನ್ನ ಪಾಲಿಗೆ ಒಂದು ಮದುವೆ ಸೀಸನ್ನೂ ಮುಗಿದಿಲ್ಲ.

ನಾನಿರುವುದು ದಾವಣಗೆರೆ, ತವರು ಹರಿಹರ. ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಮದುವೆಗಳಲ್ಲಿ ಬೀಗರ ಹಾಡು ಕಟ್ಟಿ ಹಾಡುತ್ತೇನೆ. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನೂ, ಗಂಡಿನ ಕಡೆಯವರು ಹೆಣ್ಣಿನವರನ್ನೂ ಹಾಡಿನಲ್ಲೇ ಗೇಲಿ ಮಾಡುತ್ತಾರಲ್ಲ, ಅದೇ. ನನ್ನ ಹತ್ತಿರ ರೆಡಿಮೇಡ್ ಮಾಲಿಲ್ಲ. ಬೀಗರ ಬೊಜ್ಜು ಎಷ್ಟು, ಬೀಗಿತ್ತಿಯ ಬಿಂಕ ಎಷ್ಟು ಅಂತ ಮೊದಲೇ ವಿಚಾರಿಸಿಕೊಂಡು, ಅಳತೆ ತೆಗೆದು ರವಿಕೆ ಹೊಲಿದ ಹಾಗೆ ಮದುವೆಗೊಂದು ಹೊಸ ಹಾಡು ಕಟ್ಟುತ್ತೇನೆ. ಅದಕ್ಕೆ ದುಡ್ಡು ತಗೊಳ್ಳುತ್ತೇನೆ. ತಕರಾರು ಶುರುವಾಗುವುದೇ ಅಲ್ಲಿ.

ಬಾಯಾಗಿನ ಗಾಳಿ

ಬಟ್ಟೆ ಅಂಗಡಿಯ ಯಜಮಾನರೊಬ್ಬರು ಮಗಳ ಮದುವೆಗೆ ಹಾಡು ಬೇಕೆಂದು ಮನೆಗೆ ಕರೆಸಿದರು. ಕಾಫಿ ಆಯಿತು, ಬೀಗರ ಗುಣಗಾನ ಆಯಿತು. ನಾನು ನನ್ನ ರೇಟು ಹೇಳಿದೆ. ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಅಲ್ರಿ ಮೇಡಂ, ಹಾಡು ಅಂದ್ರೆ ಏನು? ಬಾಯಾಗಿನ ಗಾಳಿ. ಗಾಳಿಗೂ ರೊಕ್ಕ ಕೇಳ್ತೀರಲ್ಲ!”

“ಹಂಗಾದ್ರೆ ಗಾಳಿ ಪುಕ್ಕಟೆ ತಗೋರಿ” ಎಂದು, ಒಂದೂ ಮಾತಿಲ್ಲದೆ ಇಡೀ ಹಾಡಿನ ಧಾಟಿಯನ್ನು “ಹೂಂ ಹೂಂ ಹೂಂ” ಅಂತ ಗುನುಗಿ ಮುಗಿಸಿದೆ. “ಮಾತು ಬೇಕಂದ್ರೆ ಹೇಳ್ರಿ, ಅದು ಬ್ಯಾರೆ.”

ಅವರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು.

“ರೊಕ್ಕ ಕೊಡ್ರಿ ಅವರಿಗೆ. ಹೆಣ್ಣು ನೋಡಾಕೆ ಬಂದ ದಿನ ಆ ಬೀಗಿತ್ತಿ ನನ್ನ ಬದನೆಕಾಯಿ ಪಲ್ಯ ತಿಂದು, ‘ಖಾರ ಯಾಕೋ ಮುಂದೈತೆ’ ಅಂದಾಳೆ. ನನಗೆ ಮಾತೇ ಬೇಕು.”

“ಅದಕ್ಕೆ ಇಷ್ಟೊಂದು ರೊಕ್ಕಾನಾ?” ಎಂದರು ಯಜಮಾನರು.

“ನೀವು ಸೀರೆ ಮಾರೋವಾಗ ಬರೇ ನೂಲಿನ ರೇಟು ತಗೊಳ್ತೀರೇನು? ಬಾರ್ಡರ್ರಿಗೆ, ಸೆರಗಿಗೆ, ಡಿಸೈನಿಗೆ ಅಂತ ಎಳೀತೀರಲ್ಲ?” ಅಂದವರೇ ನನ್ನ ಕಡೆ ತಿರುಗಿ, “ಮೇಡಂ, ಪಲ್ಯದ ಮ್ಯಾಲೆ ಎರಡು ನುಡಿ ಜಾಸ್ತಿನೇ ಹಾಕ್ರಿ. ಅದರ ರೊಕ್ಕ ನನ್ನ ಡಬ್ಬಿಯಿಂದ ಕೊಡ್ತೀನಿ. ಖಾರ ಮಾತ್ರ ಮುಂದಿರಲಿ!” ಎಂದರು.

ಮೂಗಿನ ಮೇಲಿನ ಮಚ್ಚೆ

ದಾವಣಗೆರೆಯಲ್ಲೇ ಶಾಮನೂರಿನ ಕಡೆ ಒಂದು ಕಲ್ಯಾಣಮಂಟಪಕ್ಕೆ ಹೋಗಿದ್ದೆ. ಹಾಡೋಕಲ್ಲ, ಉಣ್ಣೋಕೆ. ಮದುಮಗಳು ನನ್ನ ಓರಗಿತ್ತಿಯ ಕಡೆಯವಳು. ಎಲೆ ಹಾಕಿದರು, ಹೋಳಿಗೆ ಬಂತು. ಅಷ್ಟರಲ್ಲಿ ಹೆಣ್ಣಿನ ಕಡೆಯ ಹೆಂಗಸರು ಫೋನು ನೋಡಿಕೊಂಡು ಹಾಡು ಶುರು ಮಾಡಿದರು:

ಹೊಳೆದಂಡೆ ಬೀಗಣ್ಣ ಹೊಟ್ಟೆ ಮುಂದ್ ಮಾಡ್ಕೊಂಡು ಬಂದಾನೆ,
ಮೂಗಿನ ಮ್ಯಾಲೊಂದು ಹುರುಳಿಕಾಳಿನ ಮಚ್ಚೆ ತಂದಾನೆ,
ಕೋಳಿ ಕಂಡೀತು, ಮೂಗು ಮುಚ್ಕೊಳ್ಳೋ ಬೀಗಣ್ಣ!

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದು ನನ್ನ ಹಾಡು. ಉಕ್ಕಡಗಾತ್ರಿಯ ಕಡೆಯ ಒಬ್ಬ ಬೀಗರಿಗಾಗಿ ಕಟ್ಟಿದ್ದು. ಅವರ ಊರು ಹೊಳೆದಂಡೆಯಲ್ಲಿತ್ತು, ಹೊಟ್ಟೆ ಮುಂದಿತ್ತು, ಮೂಗಿನ ಮೇಲೆ ಮಚ್ಚೆಯೂ ಇತ್ತು. ಇಲ್ಲಿ ಕೂತ ಬೀಗರು ಬಿದಿರುಕಡ್ಡಿಯಂತೆ ತೆಳ್ಳಗಿದ್ದರು. ಊರು ದಾವಣಗೆರೆಯೇ, ಮನೆ ಮಂಟಪದ ಹಿಂದಿನ ಬೀದಿಯಲ್ಲೇ. ಮೂಗು ಕನ್ನಡಿಯಂತೆ ನುಣುಪು.

ಪಂಕ್ತಿಯಲ್ಲಿದ್ದವರೆಲ್ಲ ಎಲೆ ಬಿಟ್ಟು ಅವರ ಮೂಗು ನೋಡತೊಡಗಿದರು. ಪಾಪ, ಅವರು ಏನೋ ಅಂಟಿದೆ ಅಂದುಕೊಂಡು ಕರ್ಚೀಫು ತೆಗೆದು ಉಜ್ಜಿದರು. ಹಾಡಿನವರು ಅದೇ ನುಡಿಯನ್ನು ಎರಡನೇ ಸಲ ಹಾಡಿದರು. ಬೀಗರು ಇನ್ನೂ ಜೋರಾಗಿ ಉಜ್ಜಿದರು. ಮೂರನೇ ಸಲಕ್ಕೆ ಮೂಗು ಟೊಮ್ಯಾಟೊ ಆಯಿತು. ಬಡಿಸುತ್ತಿದ್ದವನು, “ಈಗ ಕಾಣ್ತಾ ಐತೆ ನೋಡ್ರಿ!” ಅಂದುಬಿಟ್ಟ.

ಹಾಡು ಮುಗಿಸಿ ಪಕ್ಕದ ಎಲೆಗೆ ಬಂದು ಕೂತ ಮುಖ್ಯ ಗಾಯಕಿಯನ್ನು ಕೇಳಿದೆ, “ಹಾಡು ಭಾರಿ ಚೆನ್ನಾಗೈತ್ರಿ. ಯಾರು ಕಟ್ಟಿದ್ದು?”

“ಅಯ್ಯೋ, ಜಾನಪದ ರೀ ಅದು. ವಾಟ್ಸಾಪಿನಾಗ ಬಂತು. ಕಟ್ಟಿದಾಕಿ ಯಾವ ಕಾಲಕ್ಕೋ ತೀರಿಕೊಂಡಾಳೆ.”

ಹೋಳಿಗೆಯವನು ಬಂದ. “ಇಲ್ಲಿ ಹಾಕಪ್ಪ” ಅಂದೆ, “ತೀರಿಕೊಂಡಾಕಿಗೆ ಇನ್ನೊಂದು ಹೋಳಿಗೆ ಬೇಕಂತೆ.”

ಬಾತಿಯ ಅಜ್ಜಿ

ಅವತ್ತು ನಕ್ಕು ಬಂದೆನಾದರೂ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನನ್ನ ಹಾಡಿನ ಮಾತು ನನ್ನದು ಸರಿ. ಧಾಟಿ? ಅದನ್ನು ನಾನು ಕಲಿತದ್ದು ಪಕ್ಕದ ಬಾತಿ ಊರಿನ ಒಬ್ಬ ಅಜ್ಜಿಯಿಂದ. ರಾಗಿ ಬೀಸುವ ಹಾಡಿನಿಂದ ಹಿಡಿದು ತೊಟ್ಟಿಲ ಹಾಡಿನವರೆಗೆ ಆಕೆಗೆ ಬಾರದ್ದಿಲ್ಲ. ಯಾರು ಕೇಳಿದರೂ ಹೇಳಿಕೊಡುತ್ತಾಳೆ. ಹಾಗಿದ್ದರೆ ನಾನು ಮಾತ್ರ ಯಾಕೆ ಹಾಡಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ? ಈ ಪ್ರಶ್ನೆ ಬಗೆಹರಿಯಲಿ ಅಂತ ಒಂದು ಇಳಕಲ್ ಸೀರೆ ಕೊಂಡು ಬಾತಿಗೆ ಹೋದೆ.

“ಅಜ್ಜೀ, ನಿಮ್ಮ ಧಾಟಿ ಮ್ಯಾಲೇ ನನ್ನ ಹಾಡು ನಿಂತಾವೆ. ಇದು ನಿಮ್ಮ ಪಾಲು, ತಗೋರಿ.”

ಅಜ್ಜಿ ಸೀರೆ ನೋಡಿ, ನನ್ನನ್ನು ನೋಡಿ, “ಧಾಟಿ ನಂದಲ್ಲವ್ವ, ನಮ್ಮತ್ತೇದು” ಎಂದಳು.

“ಅವರೆಲ್ಲಿ?”

“ಮ್ಯಾಲೆ. ಅವರಿಗೆ ಕಲಿಸಿದ್ದು ಅವರವ್ವ. ಆಕಿನೂ ಮ್ಯಾಲೆ. ನೀನು ಹೋದಾಗ ಅವರವರ ಪಾಲು ಅವರವರಿಗೆ ಮುಟ್ಟಿಸು. ಗಡಿಬಿಡಿ ಏನಿಲ್ಲ.”

“ಹಂಗಾದ್ರೆ ನನ್ನ ಹಾಡೂ ಯಾರು ಬೇಕಾದ್ರೂ ತಗೊಂಡು ಹೋಗಬಹುದಾ?”

ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು. ಆಮೇಲೆ ಹೇಳಿದಳು, “ಹಿಟ್ಟು ಊರಿಂದು, ರೊಟ್ಟಿ ಬಡಿದಾಕೀದು. ಹಸಿದು ಬಂದೋರು ತಿನ್ನಲಿ, ಬ್ಯಾಡ ಅನ್ನಬ್ಯಾಡ. ಬಾಣಂತಿ ಕೂಸಿಗೆ ನಿನ್ನ ಜೋಗುಳ ಹಾಡಿದ್ರೆ ರೊಕ್ಕ ಕೇಳ್ತೀಯೇನು? ಆದ್ರೆ ನಿನ್ನ ರೊಟ್ಟಿ ಬುಟ್ಟಿಗೆ ಹಾಕ್ಕೊಂಡು ಸಂತ್ಯಾಗ ಕೂತು, ‘ನಾನೇ ಬಡಿದೆ, ಕೊಳ್ರಿ’ ಅಂದ್ರೆ ಬಿಡಬ್ಯಾಡ. ಬುಟ್ಟಿ ಹಿಡಿ.”

ನನ್ನ ಮನಸ್ಸು ಹತ್ತಿಯಷ್ಟು ಹಗುರಾಯಿತು. ಹುಳ ಹೋಯಿತು. ಧಾಟಿ ಅತ್ತೆಯದಾದ ಮೇಲೆ ಸೀರೆ ತಗೊಳ್ಳುವುದಿಲ್ಲವಲ್ಲ ಅಂದುಕೊಂಡು, ಅದನ್ನು ಮಡಚಿ ಮತ್ತೆ ಚೀಲಕ್ಕೆ ಹಾಕತೊಡಗಿದೆ. ಅಜ್ಜಿ ಫಟ್ಟನೆ ನನ್ನ ಕೈ ಹಿಡಿದಳು.

“ಯವ್ವಾ, ಧಾಟಿ ಅತ್ತೇದು ಅಂದೆ. ಸೀರೆ ಅತ್ತೇದು ಅಂದ್ನಾ?”

ಪುಕ್ಕಟೆ ಬಂದ ಹಾಡು

ಇದು ತೀರಾ ಈಚಿನದು. ಒಬ್ಬ ಹುಡುಗಿಯ ಸೋದರಮಾವ, ಮಾತಾಡಿ ಮುಗಿಸಿದ್ದ ಹಾಡನ್ನು ಮದುವೆ ಹತ್ತಿರ ಬಂದಾಗ ಬೇಡ ಎಂದರು. “ಸಿಟ್ಟಾಗಬ್ಯಾಡ್ರಿ ಮೇಡಂ. ಈಗ ಫೋನಿಗೆ ಹೇಳಿದ್ರೆ ಸಾಕು, ಅದೇ ಬರೆದು ಕೊಡ್ತೈತೆ. ಕಣ್ಣು ಮಿಟುಕಿಸೋದ್ರಾಗೆ, ಅದೂ ಪುಕ್ಕಟೆ.” ಒಳ್ಳೆಯದಾಗಲಿ ಎಂದು ಫೋನಿಟ್ಟೆ.

ಮದುವೆಯ ದಿನ ಮಧ್ಯಾಹ್ನ ನಾನು ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಅದೇ ಸೋದರಮಾವನ ಫೋನು. ಹಿಂದೆ ಗದ್ದಲ.

“ಮೇಡಂ, ಅರ್ಜೆಂಟ್ ಬಂದು ನಮ್ಮ ಬೀಗರಿಗೆ ಬೈದು ಹೋಗ್ರಿ! ಆಟೋ ಕಳಿಸೀನಿ. ನೀವು ಹೇಳಿದ್ದು ಕೊಡ್ತೀನಿ.”

“ಏನಾತ್ರಿ?”

ಆದದ್ದು ಇಷ್ಟು. ಫೋನು ಬರೆದುಕೊಟ್ಟ ಹಾಡನ್ನು ಹೆಣ್ಣಿನ ಕಡೆಯವರು ಪಂಕ್ತಿಯಲ್ಲಿ ಹಾಡಿದ್ದಾರೆ. “ಮಾನ್ಯ ಬೀಗರೇ, ನಿಮಗೆ ಆದರದ ಸ್ವಾಗತ; ನಿಮ್ಮ ಸಹಕಾರವೇ ನಮ್ಮ ಬಾಳಿನ ಬೆಳಕು.” ಹೀಗೇ ಐದಾರು ನುಡಿ. ಬೀಗಿತ್ತಿಯ ಮುಖ ಕಪ್ಪಿಟ್ಟಿದೆ. “ಇದೇನು ಬೀಗರ ಹಾಡೋ, ಸಹಕಾರ ಸಂಘದ ವಾರ್ಷಿಕ ಸಭೆಯೋ? ನಮ್ಮನ್ನ ಬೈಯಾಕೂ ಲಾಯಕ್ಕಿಲ್ಲ ಅಂದ್ಕೊಂಡಾರೆ ಇವರು!” ಎಂದು ಎಲೆಯ ಮುಂದಿನಿಂದ ಎದ್ದುಬಿಟ್ಟಿದ್ದಾರೆ. ಅವರ ಹಿಂದೆ ಅವರ ತಂಗಿಯರೂ ಎದ್ದಿದ್ದಾರೆ.

ಒಲೆ ಆರಿಸಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಸೋದರಮಾವ ಫೋನಿನಲ್ಲಿ ಮಾಹಿತಿ ಕೊಟ್ಟರು. ಮಂಟಪದ ಬಾಗಿಲಿನಿಂದಲೇ ಹಾಡು ಎತ್ತಿದೆ. ಬೀಗಿತ್ತಿಯ ಕೊರಳ ಸರ ಬಾವಿಹಗ್ಗದಷ್ಟು ಉದ್ದ, ಆದರೆ ಬೀಗರು ಸೇದಿದ ನೀರು ಒಂದು ತಂಬಿಗೆಯೂ ಇಲ್ಲ. ಬೀಗಿತ್ತಿ ಮಾತಿಗೆ ಕೂತರೆ ಹಾಲು ಉಕ್ಕಿ, ಮೊಸರಾಗಿ, ಬೆಣ್ಣೆಯೂ ಬರುತ್ತದೆ, ಮಾತು ಮುಗಿಯುವುದಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಬೀಗಿತ್ತಿ ನಿಧಾನವಾಗಿ ಬಂದು ಎಲೆಯ ಮುಂದೆ ಕೂತರು. ಸರ ಎಲ್ಲರಿಗೂ ಕಾಣುವ ಹಾಗೆ ಸರಿಮಾಡಿಕೊಂಡು, ಸೋದರಮಾವನಿಗೆ ಹೇಳಿದರು:

“ಈಗ ನೋಡ್ರಿ, ಮರ್ಯಾದೆ ಕೊಟ್ಟಂಗಾತು!”

ಯಾರು? ಯಾರು?

ನನ್ನ ಹಾಡುಗಳಲ್ಲಿ ನನಗೇ ಬಹಳ ಪ್ರೀತಿಯದು ಒಂದಿದೆ. ಹರಿಹರದಲ್ಲಿ ನನ್ನ ಅಣ್ಣನ ಮಗನ ಮದುವೆಗೆ ಕಟ್ಟಿದ್ದು. ಗಂಡಿನ ಕಡೆಯವರು ಜಂಬ ಕೊಚ್ಚಿಕೊಳ್ಳುವ ಹಾಡು. ಒಬ್ಬಳು “ಯಾರು?” ಎಂದು ಕೇಳಬೇಕು, ಮೇಳದವರೆಲ್ಲ “ನಾವೇ ನಾವೇ!” ಅನ್ನಬೇಕು. ಅವತ್ತು ಯಾರೋ ಅದನ್ನು ಫೋನಿನಲ್ಲಿ ಹಿಡಿದುಕೊಂಡರು. ಸ್ವಲ್ಪ ದಿನಕ್ಕೆ ಹರಿಹರದ ಒಂದು ಮಹಿಳಾ ಮೇಳ ಅದನ್ನೇ ಹಾಡಿ, ಒಂದೇ ಬಣ್ಣದ ಸೀರೆಯುಟ್ಟು ವಿಡಿಯೋ ಬಿಟ್ಟಿತು. ಕೆಳಗೆ ‘ರಚನೆ’ ಎಂದು ಮೇಳದ ಮುಖ್ಯಸ್ಥೆಯ ಹೆಸರು. ಊರೆಲ್ಲ ಅದನ್ನೇ ನೋಡಿತು. ನಾನು ಒಂದೆರಡು ಸಲ ಫೋನು ಮಾಡಿದೆ. “ಹಾಡು ದೇವರದು ರೀ” ಎಂದು ಇಟ್ಟುಬಿಟ್ಟರು.

ಅಲ್ಲಿಗೇ ನಿಂತಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ದಾವಣಗೆರೆಯ ಒಂದು ದೊಡ್ಡ ಮದುವೆಗೆ ನನ್ನನ್ನು ಕರೆದ ಹುಡುಗಿಯ ತಾಯಿ ಬಹಳ ಸಂಕೋಚದಿಂದ ಹೇಳಿದರು, “ಮೇಡಂ, ತಪ್ಪು ತಿಳೀಬ್ಯಾಡ್ರಿ. ಆ ‘ಯಾರು ಯಾರು’ ಹಾಡು ಮಾತ್ರ ಹಾಡಬ್ಯಾಡ್ರಿ. ಅದು ಹರಿಹರದವರದಂತೆ. ನೀವು ಕಾಪಿ ಹೊಡೆದೀರಿ ಅಂತ ಜನ ಆಡ್ಕೋತಾರೆ.”

ಹೆತ್ತ ಕೂಸನ್ನು ಎತ್ತಿಕೊಂಡರೆ ‘ಯಾರ ಮನೆಯದು ಇದು?’ ಅಂತ ಕೇಳಿದ ಹಾಗಾಯಿತು.

ಮದುವೆಗೆ ಹೋದರೆ ಗಂಡಿನ ಕಡೆಯವರು ಹರಿಹರದವರು. ಅವರು ಕರೆಸಿದ್ದು ಅದೇ ಮೇಳವನ್ನು! ಒಂದೇ ಬಣ್ಣದ ಸೀರೆ, ಒಬ್ಬೊಬ್ಬರ ಕೈಯಲ್ಲೂ ಮೈಕು. ನಾವು ಹೆಣ್ಣಿನ ಕಡೆಯವರು ಈಚೆ ಸಾಲಿನಲ್ಲಿ ನಿಂತೆವು, ಅವರು ಆಚೆ ಸಾಲಿನಲ್ಲಿ. ನಾನು ನನ್ನ ಹೊಸ ಹಾಡು ಹಾಡಿದೆ, ಜನ ನಕ್ಕರು. ಆಮೇಲೆ ಅವರ ಸರದಿ. ಮುಖ್ಯಸ್ಥೆ ನನ್ನ ಕಡೆ ನೋಡಿ ಮುಗುಳ್ನಕ್ಕು, ನನ್ನ ಹಾಡನ್ನೇ ಎತ್ತಿದರು:

“ಹೊಳೆನೀರು ಕುಡಿದು ಗಟ್ಟಿಯಾದೋರು ಯಾರು?”

“ನಾವೇ ನಾವೇ!” ಎಂದಿತು ಮೇಳ.

“ಹೊನ್ನಂಥ ಹುಡುಗನ್ನ ಹೆತ್ತೋರು ಯಾರು?”

“ನಾವೇ ನಾವೇ!”

ಡೋಲಕ್ಕು ಜೋರಾಯಿತು. ಗಂಡಿನ ಕಡೆಯವರು ಕುರ್ಚಿ ಬಿಟ್ಟೆದ್ದು ಕುಣಿಯತೊಡಗಿದರು.

“ತುಪ್ಪದ ಗಿಂಡಿ ಪಂಕ್ತೀಲೇ ಬಳಿದೋರು ಯಾರು?”

“ನಾವೇ ನಾವೇ!”

ಕಟ್ಟಿದವಳಿಗೆ ಗೊತ್ತಲ್ಲ, ಅಲ್ಲೊಂದು ಉಸಿರು ತಗೊಳ್ಳುವ ಜಾಗವಿದೆ. ಮುಖ್ಯಸ್ಥೆ ಉಸಿರೆಳೆದುಕೊಳ್ಳಲು ನಿಂತರು. ನಾನು ಮೈಕು ಬಾಯಿಗೆ ಹಿಡಿದು, ಅದೇ ಧಾಟಿ, ಅದೇ ತಾಳದಲ್ಲಿ ಕೇಳಿದೆ:

“ಕಂಡೋರು ಕಟ್ಟಿದ ಹಾಡು ಕದ್ದೋರು ಯಾರು?”

“ನಾವೇ ನಾವೇ!” ಎಂದಿತು ಮೇಳ, ಗಂಟಲು ಹರಿಯುವ ಹಾಗೆ.

ಡೋಲಕ್ಕಿನವನ ಕೈ ಮೇಲೆಯೇ ನಿಂತಿತು. ಆಮೇಲೆ ಎದ್ದ ನಗು ಇದೆಯಲ್ಲ, ಅಡುಗೆಭಟ್ಟರು ಸೌಟು ಹಿಡಿದೇ ಹೊರಗೆ ಓಡಿಬಂದರು. ಮದುಮಗ ಬಾಸಿಂಗ ಹಿಡಿದುಕೊಂಡು ನಕ್ಕ, ಮದುಮಗಳು ಅವನ ಹೆಗಲ ಮೇಲೆ ಬಿದ್ದು ನಕ್ಕಳು. ಹುಡುಗಿಯ ತಾಯಿ ನನ್ನ ಎರಡೂ ಕೈ ಹಿಡಿದು, “ಮೇಡಂ, ನಿಮ್ಮ ಹಾಡು ನೀವೇ ಹಾಡ್ರಿ, ಪೂರಾ ಹಾಡ್ರಿ!” ಎಂದರು. ಹಾಡಿದೆ. ನನ್ನ ಹಾಡನ್ನು ನಾನು ಅಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲ.

ಮುಖ್ಯಸ್ಥೆಯೂ ದೊಡ್ಡ ಮನಸ್ಸಿನವರೇ. ಕೆಂಪಾದ ಮುಖದಲ್ಲೇ ಕೊನೆಗೆ ಅವರೂ ನಕ್ಕುಬಿಟ್ಟರು. ಊಟಕ್ಕೆ ನನ್ನ ಪಕ್ಕದಲ್ಲೇ ಬಂದು ಕೂತರು.

“ಇನ್ ಮ್ಯಾಲೆ ಹಾಡಬ್ಯಾಡ ಅಂತೀರೇನ್ರಿ ಅಕ್ಕಾ?”

“ಯಾಕ ಬ್ಯಾಡ ಅನ್ಲಿ? ಹಾಡು ಇರೋದೇ ಹಾಡಾಕೆ. ನನ್ನ ಹೆಸರು ಹೇಳಿ ಹಾಡ್ರಿ. ನಿಮಗೆ ಸಂಭಾವನೆ ಬಂದಾಗ ನನ್ನ ಪಾಲೂ ಕಳಿಸ್ರಿ.”

ಒಪ್ಪಿದರು. ವಿಡಿಯೋದ ಕೆಳಗಿನ ಹೆಸರೂ ಬದಲಾಯಿತು. ಮುಂದಿನ ಮದುವೆಗೇ ನನ್ನ ಪಾಲು ಬಂತು, ಜೊತೆಗೊಂದು ಫೋನೂ ಬಂತು.

“ಅಕ್ಕಾ, ಎಲ್ಲಿ ಹೋದ್ರೂ ಜನ ಆ ಕಳ್ಳರ ನುಡೀನೇ ಹಾಡ್ರಿ ಅಂತಾರೆ. ಅದು ಹಾಡದಿದ್ರೆ ಬಿಡಂಗಿಲ್ಲ. ಅದೊಂದು ನುಡಿಗೆ ಬ್ಯಾರೆ ಎಷ್ಟು ಕೊಡಬೇಕ್ರಿ?”

“ಅದಕ್ಕೇನೂ ಬ್ಯಾಡ, ಪುಕ್ಕಟೆ ಹಾಡ್ರಿ.”

“ಯಾಕ್ರಿ? ಅದೂ ನಿಮ್ಮದೇ ಅಲ್ಲೇನು?”

“ಪ್ರಶ್ನೆ ಅಷ್ಟೇ ನಂದು” ಅಂದೆ. “ಉತ್ತರ ನಿಮ್ಮ ಸ್ವಂತ ರಚನೆ!”